ನಿಮ್ಮಪ್ಪ ಬರೆಯದ ಏಳು ನಂಬರುಗಳು

ಮಾರ್ಲ್‌ಬೆಕ್
ಭಾನುವಾರ, ಮಾರ್ಚ್ ೯, ೨೦೦೩

ಪ್ರೀತಿಯ ಜುಡಿತ್,

ಮೊನ್ನೆ ಗುರುವಾರ ನಿಮ್ಮಪ್ಪನನ್ನು ಮಣ್ಣು ಮಾಡಿ ಬಂದು ಎಲ್ಲರೂ ಚಾಪೆಲ್ಲಿನ ಹಾಲ್‌ನಲ್ಲಿ ಟೀ ಕುಡಿಯುತ್ತಿದ್ದಾಗ ನೀನು ಎದ್ದು ನಿಂತು ನಾಲ್ಕು ಮಾತಾಡಿದೆ. ಚೆನ್ನಾಗಿಯೇ ಆಡಿದೆ. ಕೊನೆಗೆ ನಗುತ್ತಾ ಒಂದು ಮಾತು ಸೇರಿಸಿದೆ: “ನಮ್ಮಪ್ಪ ಅಂಗಡೀಲಿ ಒಂದು ಮೊಳೆ ಕೂಡ ಎಣಿಸಿ ತಪ್ಪಿದೋರಲ್ಲ. ಮಗಳ ಎಲೆಕ್ಷನ್ ದಿನ ಮಾತ್ರ ಏಳು ನಂಬರ್ ತಪ್ಪು ಬರೆದ್ರು.” ಜನ ನಕ್ಕರು. ನೀನೂ ನಕ್ಕೆ. ಆ ನಗುವಿನಲ್ಲಿ ಹದಿನಾರು ವರ್ಷದ ಕಹಿ ಇತ್ತು, ಅದು ಬೇರೆ ಯಾರಿಗೂ ಕೇಳಿಸದಿದ್ದರೂ ನನಗೆ ಕೇಳಿಸಿತು. ನಾನು ಸ್ಯಾಂಡ್‌ವಿಚ್ ತಟ್ಟೆಯಲ್ಲೇ ಬಿಟ್ಟು ಕೋಟು ಹಾಕಿಕೊಂಡೆ. ಪಕ್ಕದಲ್ಲಿದ್ದ ಮಿಸೆಸ್ ಥ್ವೇಟ್, “ಏನಾಯ್ತೇ ಐವಿ, ಮುಖ ಬಿಳಿಚ್ಕೊಂಡಿದೆ?” ಎಂದಳು. ಕುಂಬಳಕಾಯಿ ಕಳ್ಳ ಅಂದರೆ ಹೆಗಲು ಮುಟ್ಟಿ ನೋಡಿಕೊಂಡನಂತೆ, ಹಾಗಾಗಿತ್ತು ನನ್ನ ಸ್ಥಿತಿ.

ಆ ಏಳು ನಂಬರುಗಳನ್ನು ನಿಮ್ಮಪ್ಪ ಬರೆಯಲಿಲ್ಲ ಜುಡಿತ್. ನಾನು ಬರೆದೆ. ಕಣ್ತಪ್ಪಿ ಬರೆದದ್ದಲ್ಲ, ಬೇಕೆಂದೇ ಬರೆದೆ.

ಈ ಎರಡು ಸಾಲು ಬರೆಯುವುದಕ್ಕೆ ಮೂರು ದಿನ ಹಿಡಿಯಿತು. ಇನ್ನು ಮಿಕ್ಕಿದ್ದನ್ನು ಸುಮ್ಮನೆ ಬರೆದುಕೊಂಡು ಹೋಗುತ್ತೇನೆ. ನೀನು ಮಧ್ಯದಲ್ಲೇ ಹರಿದು ಒಲೆಗೆ ಹಾಕಿದರೂ ನಾನು ತಪ್ಪು ತಿಳಿಯುವುದಿಲ್ಲ, ಆದರೆ ಸಾಧ್ಯವಾದರೆ ಕೊನೆತನಕ ಓದು. ಕೊನೆಯಲ್ಲಿರುವುದು ನನ್ನ ಮಾತಲ್ಲ, ನಿಮ್ಮಪ್ಪನದು.

ಚುನಾವಣೆ ಅಂದರೆ ಲಂಡನ್ನಿನವರಿಗೆ ಏನೇನೋ ಇರಬಹುದು. ನಮ್ಮ ಊರಿನಲ್ಲಿ ಅದು ಮತಗಟ್ಟೆ ಮಾಡಿದ ಸಂಡೇ ಸ್ಕೂಲಿನ ಬಾಗಿಲಲ್ಲಿ ಹಾಕಿದ ಎರಡು ಮರದ ಕುರ್ಚಿ. ಒಂದರಲ್ಲಿ ಕೆಂಪು ರಿಬ್ಬನ್ನಿನ ಹೂ ಸಿಕ್ಕಿಸಿಕೊಂಡು ಲೇಬರ್ ಪಕ್ಷದ ನಾನು, ಇನ್ನೊಂದರಲ್ಲಿ ನೀಲಿ ಹೂವಿನ ಟೋರಿ ಪಕ್ಷದ ನಿಮ್ಮಪ್ಪ. ಇಪ್ಪತ್ತೆರಡು ವರ್ಷ ಹಾಗೆ ಕೂತಿದ್ದೇವೆ. ಒಂದೇ ಫ್ಲಾಸ್ಕಿನ ಟೀ, ಒಂದೇ ಕಂಬಳಿ ಇಬ್ಬರ ಮಂಡಿಗೂ. ಲಿಬರಲ್ ಪಕ್ಷದ ಮೇಷ್ಟ್ರು ಸೈಕಲ್ಲಿನಲ್ಲಿ ಬಂದು ಅರ್ಧ ಗಂಟೆ ನಿಂತು ನಮ್ಮ ಟೀ ಕುಡಿದು ಹೋಗುತ್ತಿದ್ದ. ನಾನು ಹೇಳುತ್ತಿದ್ದೆ, “ವಿಲ್ಫ್, ನಿಮ್ಮೋರು ಬಂದ್ರೆ ಬಡವರ ಒಲೆ ಮೇಲಿನ ಕೆಟಲ್ಲೂ ಮಾರಿಬಿಡ್ತಾರೆ.” ಅವರು ಹೇಳುತ್ತಿದ್ದರು, “ನಿಮ್ಮೋರು ಬಂದ್ರೆ ಕೆಟಲ್ ಎಲ್ರಿಗೂ ಸಿಗತ್ತೆ ಐವಿ, ನೀರು ಕುದಿಸೋದಕ್ಕೆ ಮಾತ್ರ ಒಂದು ಸಮಿತಿ ಆಗ್ಬೇಕು.” ಮತ ಹಾಕಲು ಬಂದವರು ನಾವು ಜಗಳವಾಡುತ್ತಿದ್ದೇವೋ ಹರಟುತ್ತಿದ್ದೇವೋ ತಿಳಿಯದೆ ನಿಂತು ನೋಡುತ್ತಿದ್ದರು.

ಕೆಲಸ ಏನೆಂದು ನಿನಗೆ ಗೊತ್ತು. ಆದರೂ ಬರೆಯುತ್ತೇನೆ, ನಾನು ಮಾಡಿದ್ದು ಏನೆಂಬುದರಲ್ಲಿ ಎಲ್ಲೂ ಅನುಮಾನ ಉಳಿಯಬಾರದು. ಮತ ಹಾಕಿ ಬಂದವರಿಂದ ಮತದಾರರ ಪಟ್ಟಿಯಲ್ಲಿನ ಅವರ ನಂಬರನ್ನು ಕೇಳಿ ಬರೆದುಕೊಳ್ಳುತ್ತೇವೆ. ಎರಡು ಗಂಟೆಗೊಮ್ಮೆ ಆ ಹಾಳೆ ನಮ್ಮ ನಮ್ಮ ಪಕ್ಷದ ಮನೆಗೆ ಹೋಗುತ್ತದೆ. ಅಲ್ಲಿ ತಮ್ಮ ಕಡೆಯವರ ಪಟ್ಟಿಯಲ್ಲಿ ಆ ನಂಬರುಗಳನ್ನು ಹೊಡೆದುಹಾಕುತ್ತಾರೆ. ಉಳಿದವರ ಬಾಗಿಲು ತಟ್ಟುತ್ತಾರೆ, ನಡೆಯಲಾಗದವರಿಗೆ ಕಾರು ಕಳಿಸುತ್ತಾರೆ. ಒಂದು ನಂಬರು ಬಿಟ್ಟುಹೋದರೆ ದೊಡ್ಡ ನಷ್ಟವಿಲ್ಲ, ಮತ ಹಾಕಿದವನ ಬಾಗಿಲನ್ನೇ ಇನ್ನೊಮ್ಮೆ ತಟ್ಟುತ್ತಾರೆ, ಅವನು ಬೈಯುತ್ತಾನೆ, ಅಷ್ಟೆ. ಆದರೆ ಮತ ಹಾಕದವನ ನಂಬರು ಹಾಳೆಯ ಮೇಲೆ ಬಂತೋ, ಅವನನ್ನು ಆ ದಿನ ಯಾರೂ ಕರೆಯಲು ಬರುವುದಿಲ್ಲ.

ನಮ್ಮಿಬ್ಬರಲ್ಲಿ ಯಾರಾದರೂ ಎದ್ದು ಹೋಗಬೇಕಾದರೆ ಇನ್ನೊಬ್ಬರು ಎರಡೂ ಹಾಳೆಯಲ್ಲಿ ಬರೆಯುವುದು ಮೊದಲಿಂದ ಬಂದ ಪದ್ಧತಿ. ಅದಕ್ಕೆ ಸಾಕ್ಷಿ ಇಲ್ಲ, ಸಹಿ ಇಲ್ಲ. ಪಕ್ಷ ಬೇರೆಯಾದರೂ ಹಾಳೆಗೆ ಮೋಸ ಮಾಡುವ ಯೋಚನೆ ಯಾರಿಗೂ ಬಂದದ್ದನ್ನು ನಾನು ಕೇಳಿಲ್ಲ.

ನೀನು ಹುಟ್ಟಿದ್ದು ನನಗೆ ನೆನಪಿದೆ. ನಿಮ್ಮಮ್ಮ ಅಂಗಡಿಯಲ್ಲಿ ಪೇಂಟು, ಮೊಳೆ, ಸುತ್ತಿಗೆಗಳ ನಡುವೆ ನಿನ್ನನ್ನು ಬುಟ್ಟಿಯಲ್ಲಿ ಮಲಗಿಸಿರುತ್ತಿದ್ದಳು. ಆರನೆಯ ವರ್ಷಕ್ಕೆ ನಿನ್ನನ್ನು ಈಜುಕೊಳಕ್ಕೆ ಕರೆದುಕೊಂಡು ಬಂದರು. ಆಗಲೇ ನಾನು ಅಲ್ಲಿ ಕೆಲಸಕ್ಕಿದ್ದೆ, ಟವೆಲ್ ಕೊಡುವುದು, ಒದ್ದೆ ನೆಲ ಒರೆಸುವುದು, ಮಕ್ಕಳಿಗೆ ಈಜು ಹೇಳಿಕೊಡುವುದು. ನೀನು ಅಂಚಿನ ಕಂಬಿ ಬಿಡಲು ಒಪ್ಪದೆ ಮೂರು ವಾರ ಅತ್ತೆ. ನಾಲ್ಕನೆಯ ವಾರ ನನ್ನ ಕೈ ಹಿಡಿದುಕೊಂಡು, “ಐವಿ ಆಂಟಿ, ನೀವು ಬಿಡಲ್ಲ ತಾನೇ?” ಎಂದೆ. ಬಿಡಲ್ಲ ಎಂದು ಹೇಳಿ ಕೈ ಬಿಟ್ಟೆ, ನೀನು ಈಜಿದೆ. ನನಗೆ ಮಕ್ಕಳಾಗಲಿಲ್ಲ. ನನ್ನ ಗಂಡ ಆರ್ಥರ್ ಅದನ್ನು ಒಮ್ಮೆಯೂ ಬಾಯಿಬಿಟ್ಟು ಹೇಳಲಿಲ್ಲ, ನಾನೂ ಹೇಳಲಿಲ್ಲ. ಶನಿವಾರ ಬೆಳಿಗ್ಗೆ ನೀನು ಬರುವ ಹೊತ್ತಿಗೆ ನಾನು ಬಾಗಿಲ ಕಡೆ ನೋಡುತ್ತಿದ್ದೆ ಎಂಬುದಷ್ಟೇ ನಿಜ.

ಆಮೇಲೆ ಎಂಬತ್ತಾರರ ಶರತ್ಕಾಲದಲ್ಲಿ ನಮ್ಮ ಕೌನ್ಸಿಲರ್ ಸಟ್‌ಕ್ಲಿಫ್ ತೀರಿಕೊಂಡರು, ಉಪಚುನಾವಣೆ ಬಂತು. ಪುರಸಭೆಯಲ್ಲಿ ಎರಡೂ ಕಡೆ ಸಮಸಮ. ಈ ಒಂದು ಕುರ್ಚಿ ಯಾರಿಗೋ ಪುರಸಭೆ ಅವರಿಗೆ. ನೀಲಿಯವರು ನಿನ್ನನ್ನು ನಿಲ್ಲಿಸಿದರು. ನಮ್ಮ ಕಡೆಯಿಂದ ಬಸ್ ಡಿಪೋದ ಕ್ಲಿಫರ್ಡ್ ಪೋಗ್ಸನ್. ಶುಕ್ರವಾರ ಮೀನು ಕರಿಯುವ ಅಂಗಡಿಯ ಸಾಲಿನಲ್ಲಿ ನಿಂತರೆ ಇದೇ ಮಾತು.

“ಗಾರ್ಸೈಡ್ ಮಗಳು ನಿಂತಿದಾಳಂತಲ್ಲ.”

“ಹುಡುಗಿ ಚುರುಕು. ಆದ್ರೆ ಈಜುಕೊಳ ಮುಚ್ತೀನಿ ಅಂತಾಳೆ.”

“ನೀನು ಅಲ್ಲಿಗೆ ಕೊನೇ ಸಲ ಹೋಗಿದ್ದು ಯಾವಾಗಪ್ಪಾ?”

“ಯುದ್ಧ ಮುಗಿದ ವರ್ಷ. ಸ್ನಾನಕ್ಕೆ.”

“ಕ್ಲಿಫರ್ಡು ಎರಡು ಮಾತು ಜೋಡಿಸಿ ಆಡಿದ್ದು ಯಾರೂ ಕೇಳಿಲ್ಲ.”

“ಒಳ್ಳೇದೇ ಆಯ್ತಲ್ಲ, ಹಾಗಾದ್ರೆ ಸುಳ್ಳೂ ಹೇಳಲ್ಲ.”

ನಾನೂ ಅವರ ಜೊತೆ ನಗುತ್ತಿದ್ದೆ. ಮನೆಗೆ ಬಂದು ನಿನ್ನ ಕರಪತ್ರ ತೆಗೆದು ಮತ್ತೆ ಓದುತ್ತಿದ್ದೆ. ಅದರ ಎರಡನೆಯ ಸಾಲಿನಲ್ಲೇ ಇತ್ತು: ಹಳೆಯ ಈಜುಕೊಳ ಕೆಡವಿ ಮಾರುಕಟ್ಟೆಗೆ ಕಾರು ನಿಲ್ಲಿಸುವ ಜಾಗ. ನೀನು ಹೇಳಿದ್ದರಲ್ಲಿ ಸುಳ್ಳೇನೂ ಇರಲಿಲ್ಲ. ಗೋಡೆ ಬಿರುಕು ಬಿಟ್ಟಿತ್ತು, ಬಾಯ್ಲರು ವಾರಕ್ಕೊಮ್ಮೆ ಕೈಕೊಡುತ್ತಿತ್ತು. ಆದರೆ ಅದನ್ನು ನೀಲಿ ಹೂ ಸಿಕ್ಕಿಸಿಕೊಂಡು ನನ್ನ ಮನೆಯ ಬಾಗಿಲಿಗೇ ತಂದುಕೊಟ್ಟೆಯಲ್ಲ, ಅದು ನನಗೆ ಸಹಿಸಲಾಗಲಿಲ್ಲ. “ನಿಮ್ಮ ಓಟು ಕೇಳಲ್ಲ ಆಂಟಿ, ಕೇಳಿದ್ರೆ ನಂಗೇ ನಾಚಿಕೆ. ಬೇರೆಯೋರಿಂದ ಗೊತ್ತಾಗೋದಕ್ಕಿಂತ ನಾನೇ ಹೇಳೋದು ಮೇಲು ಅಂತ ಬಂದೆ” ಎಂದೆ. ಈಗ ಯೋಚಿಸಿದರೆ ಅದು ಎಷ್ಟು ಮರ್ಯಾದೆಯ ನಡತೆ ಅನಿಸುತ್ತದೆ. ಆವತ್ತು ನಾನು ನಿನಗೆ ಒಳಗೆ ಬಾ ಎನ್ನಲಿಲ್ಲ.

ಚುನಾವಣೆಯ ದಿನ ಗುರುವಾರ, ನವೆಂಬರಿನ ಜಿಟಿಜಿಟಿ ಮಳೆ. ಮೂರೂವರೆಗೆ ನಿಮ್ಮಪ್ಪ ಮಾತಾಡುತ್ತಿದ್ದವರು ತಟ್ಟನೆ ನಿಲ್ಲಿಸಿ ಎದೆ ಹಿಡಿದುಕೊಂಡರು. ತುಟಿ ನೀಲಿಯಾಗಿತ್ತು. ಡಾಕ್ಟರನ್ನು ಕರೆಸುತ್ತೇನೆ ಎಂದು ಎದ್ದೆ. ನನ್ನ ತೋಳು ಹಿಡಿದು ಕೂರಿಸಿದರು. “ಬೇಡ ಐವಿ. ಜುಡಿತ್‌ಗೆ ಗೊತ್ತಾದ್ರೆ ಎಲ್ಲಾ ಬಿಟ್ಟು ಆಸ್ಪತ್ರೇಲಿ ಬಂದು ಕೂತ್ಕೋತಾಳೆ. ಈ ದಿನಕ್ಕೆ ಅವಳು ಎರಡು ತಿಂಗಳಿಂದ ಊರೆಲ್ಲಾ ನಡೆದಿದಾಳೆ. ಮನೇಲಿ ಮಾತ್ರೆ ಇದೆ, ನುಂಗಿ ಸ್ವಲ್ಪ ಒರಗಿ ಬರ್ತೀನಿ. ನನ್ನದೂ ನೀನೇ ಬರ್ಕೋ. ಯಾರಿಗೂ ಹೇಳ್ಬೇಡ.” ತಮ್ಮ ಹೆಸರು ಬರೆದಿದ್ದ ಹಾಳೆಯನ್ನು ನನ್ನ ಮಡಿಲಲ್ಲಿಟ್ಟು ಗೋಡೆ ಹಿಡಿದುಕೊಂಡು ಹೋದರು.

ಒಂದು ಗಂಟೆ ಎರಡೂ ಹಾಳೆಯಲ್ಲಿ ನೆಟ್ಟಗೆ ಬರೆದೆ. ಇದನ್ನು ದೇವರ ಮುಂದೆಯೂ ಹೇಳುತ್ತೇನೆ. ಆಮೇಲೆ ಗೇಟಿನಲ್ಲಿ ಜನರ ಕೈ ಕುಲುಕುತ್ತಿದ್ದ ನೀನು ನನ್ನ ಹತ್ತಿರ ಬಂದೆ. “ಅಪ್ಪ ಎಲ್ಲಿ?” ಎಂದೆ. “ಟಾಯ್ಲೆಟ್ಟಿಗೆ ಹೋಗಿದಾರೆ” ಎಂದೆ ನಾನು. ನೀನು ಬಗ್ಗಿ ನನ್ನ ಮಂಡಿಯ ಮೇಲಿನ ಕಂಬಳಿ ಸರಿಮಾಡಿ, ಮೆಲ್ಲಗೆ, “ಆಂಟಿ, ನಿಮ್ಮ ಕೆಲಸದ ಬಗ್ಗೆ ಚಿಂತೆ ಮಾಡ್ಬೇಡಿ. ಅದನ್ನ ಹೇಗಿದ್ರೂ ಮುಚ್ಚೋದೇ. ನಿಮಗೆ ಪೂರ್ತಿ ಪೆನ್ಷನ್ ಸಿಗೋ ಹಾಗೆ ನಾನೇ ನಿಂತು ನೋಡ್ಕೋತೀನಿ” ಎಂದೆ.

ನೀನು ಒಳ್ಳೆಯ ಮನಸ್ಸಿನಿಂದಲೇ ಹೇಳಿದೆ. ಅದೇ ನನ್ನ ಮೈ ಉರಿಸಿತು. ನಾನು ನೀರಿನಲ್ಲಿ ಕೈ ಕೊಟ್ಟು ನಿಲ್ಲಿಸಿದ ಹುಡುಗಿ ಈಗ ನನಗೆ ಕನಿಕರ ತೋರಿಸುತ್ತಿದ್ದಾಳೆ ಎಂದು ಅನಿಸಿತು. ನೀನು ಆ ಕಡೆ ಹೋದ ಮೇಲೆ ಐದು ನಿಮಿಷ ಯಾರೂ ಮತ ಹಾಕಲು ಬರಲಿಲ್ಲ. ಬೆತೆಲ್ ಕೋರ್ಟ್ ಎಂಬ ವೃದ್ಧರ ವಸತಿಯವರ ಪಟ್ಟಿ ನಂಬರುಗಳು ನನಗೆ ಬಾಯಿಪಾಠ, ಇಪ್ಪತ್ತು ವರ್ಷ ಅವರ ಬಾಗಿಲು ತಟ್ಟಿ ಬೈಸಿಕೊಂಡವಳು ನಾನು. ಅವರಲ್ಲಿ ಏಳು ಮಂದಿ ಸಾಯುವ ತನಕ ನೀಲಿ ಬಿಟ್ಟು ಬೇರೆ ಕಡೆ ನೋಡುವವರಲ್ಲ, ಕಾರು ಬಂದರಷ್ಟೇ ಬೆಟ್ಟ ಇಳಿದು ಬರುವವರು. ಸಂಜೆಯ ಟೀ ಆದ ಮೇಲೆ ಅವರಿಗೆ ಕಾರು ಹೋಗುತ್ತದೆ ಎಂಬುದೂ ಗೊತ್ತಿತ್ತು. ಆ ಏಳು ನಂಬರುಗಳನ್ನು ನಿಮ್ಮಪ್ಪನ ಹಾಳೆಯಲ್ಲಿ ಒಂದರ ಕೆಳಗೊಂದು ಅಲ್ಲ, ಬೇರೆಯವುಗಳ ನಡುವೆ ಅಲ್ಲಲ್ಲಿ ತುರುಕಿ ಬರೆದೆ. ಅಷ್ಟು ಬುದ್ಧಿ ಓಡಿತು ನೋಡು. ಐದಕ್ಕೆ ನಿಮ್ಮ ಪಕ್ಷದ ಕಡೆಯಿಂದ ಮಿಸೆಸ್ ಥ್ವೇಟ್ ಬಂದು ಹಾಳೆ ತೆಗೆದುಕೊಂಡು ಹೋದಳು. ವಿಲ್ಫ್ ಎಲ್ಲಿ ಎಂದು ಅವಳು ಕೇಳಲಿಲ್ಲ, ಅವಳಿಗೆ ಮಳೆಯಿಂದ ಪಾರಾದರೆ ಸಾಕಾಗಿತ್ತು.

ಐದೂಕಾಲಿಗೆ ನಿಮ್ಮಪ್ಪ ವಾಪಸು ಬಂದರು, ಮುಖಕ್ಕೆ ಸ್ವಲ್ಪ ಬಣ್ಣ ಬಂದಿತ್ತು. “ಎಲ್ಲಾ ಬರ್ದ್ಯಾ?” ಎಂದರು. “ಬರ್ದೆ” ಎಂದೆ. “ನೀನಿರೋವಾಗ ನಂಗೇನು ಚಿಂತೆ ಬಿಡು” ಎಂದು ಕುಳಿತರು. ಒಂಬತ್ತಕ್ಕೆ ಮತದಾನ ಮುಗಿಯುತ್ತದೆ. ಅಂದರೆ ನನ್ನ ಕೈಯಲ್ಲಿ ಸುಮಾರು ನಾಲ್ಕು ಗಂಟೆ ಇತ್ತು. ಒಂದು ಮಾತು ಹೇಳಿದ್ದರೆ ಕಾರು ಹೋಗುತ್ತಿತ್ತು. ಸಿಟ್ಟಿನಲ್ಲಿ ಬರೆದೆ ಎಂದು ನನ್ನನ್ನು ನಾನು ಕ್ಷಮಿಸಿಕೊಳ್ಳಲು ನೋಡಿದಾಗೆಲ್ಲ ಈ ನಾಲ್ಕು ಗಂಟೆ ಅಡ್ಡ ಬರುತ್ತದೆ. ಸಿಟ್ಟು ಅರ್ಧ ಗಂಟೆಯಲ್ಲೇ ಇಳಿದಿತ್ತು ಕಣೇ. ಆಮೇಲೆ ಉಳಿದದ್ದು ಬರೀ ಹೇಡಿತನ.

ಮರುದಿನ ಬೆಳಿಗ್ಗೆ ಟೌನ್ ಹಾಲ್‌ನಲ್ಲಿ ಎಣಿಕೆ. ಮೂರು ಸಲ ಎಣಿಸಿದರು. ನೀನು ನಾಲ್ಕು ಮತಗಳಿಂದ ಸೋತೆ. ಕ್ಲಿಫರ್ಡ್ ಬಾಯಿ ತೆರೆದುಕೊಂಡು ನಿಂತಿದ್ದ, ಗೆದ್ದವನಂತೆ ಕಾಣಿಸಲೇ ಇಲ್ಲ. ನಮ್ಮವರು ನನ್ನನ್ನು ತಬ್ಬಿಕೊಂಡರು. ನೀನು ಅವನ ಕೈ ಕುಲುಕಿ, ನಿನ್ನ ಪಕ್ಷದವರಿಗೆಲ್ಲ ಒಬ್ಬೊಬ್ಬರಿಗೂ ವಂದನೆ ಹೇಳಿ, ಮೆಟ್ಟಿಲಿಳಿದು ಹೊರಗೆ ಹೋದ ಮೇಲೆ ಅತ್ತೆಯಂತೆ. ಅದನ್ನು ನನಗೆ ನಿಮ್ಮಪ್ಪ ಹೇಳಿದರು.

ಶನಿವಾರ ಮಾರುಕಟ್ಟೆಯಲ್ಲಿ ಮಿಸ್ ಹೆಪಲ್‌ವೈಟ್ ಸಿಕ್ಕಿದಳು. ನಿನಗೂ ಪಾಠ ಹೇಳಿದ ಟೀಚರು, ಆಗಲೇ ಎಂಬತ್ತಾಗಿತ್ತು. ಆರು ಗಂಟೆಯಿಂದ ಕೋಟು, ಟೋಪಿ, ಕೈಗವಸು ಹಾಕಿಕೊಂಡು ಕಿಟಕಿಯ ಬಳಿ ಕೂತಿದ್ದಳಂತೆ. “ಫೋನ್ ಮಾಡ್ದೆ, ಯಾವಾಗ ಮಾಡಿದ್ರೂ ಎಂಗೇಜು. ಬರ್ತಾರೆ ಬರ್ತಾರೆ ಅಂತ ಒಂಬತ್ತರ ತನಕ ಟೋಪಿ ತೆಗೀಲಿಲ್ಲ. ಪಕ್ಕದ ಮನೆಯೋರೂ ಹಾಗೇ ಕೂತಿದ್ರು. ಹೆಂಗಸರಿಗೆ ಓಟು ಸಿಕ್ಕ ಕಾಲದಿಂದ ನಾನು ಒಂದೂ ತಪ್ಪಿಸಿರಲಿಲ್ಲ ಐವಿ” ಎಂದಳು. ನನ್ನ ಕೈಯಲ್ಲಿ ಆಲೂಗಡ್ಡೆ ಚೀಲ ಇತ್ತು, ಅದನ್ನು ಅಲ್ಲೇ ನೆಲದ ಮೇಲಿಟ್ಟೆ. ಅಲ್ಲಿಯವರೆಗೆ ನಾನು ಏಳು ನಂಬರು ಬರೆದಿದ್ದೇನೆ ಎಂದುಕೊಂಡಿದ್ದೆ, ಏಳು ಜನರನ್ನು ಟೋಪಿ ಹಾಕಿಸಿ ಕೂರಿಸಿದ್ದೇನೆ ಎಂಬುದು ತಲೆಗೆ ಹೋಗಿರಲಿಲ್ಲ.

ಮುಂದಿನದು ನಿನಗೇ ಗೊತ್ತು. ನಿಮ್ಮ ಸಮಿತಿಯವರು ಹಾಳೆಗಳನ್ನು ತೆಗೆದು ನೋಡಿದರು. ಏಳೂ ನಂಬರು ನಿಮ್ಮಪ್ಪನ ಹೆಸರಿದ್ದ ಹಾಳೆಯಲ್ಲಿ. ಅವರನ್ನು ಕೂರಿಸಿ ಕೇಳಿದರು, ನೀನೂ ಅಲ್ಲಿದ್ದೆ. ಅವರು, “ಕಣ್ಣು ಮಂಜಾಗಿದೆ, ತಪ್ಪಾಯ್ತು” ಎಂದರಂತೆ. ನೀನು, “ಏಳು ಸಲ ಮಂಜಾಯ್ತಾ ಅಪ್ಪಾ?” ಎಂದೆಯಂತೆ. ಮತ್ತೆ ಯಾವ ಚುನಾವಣೆಯಲ್ಲೂ ನೀಲಿಯವರು ಅವರ ಕೈಗೆ ಹಾಳೆ ಕೊಡಲಿಲ್ಲ. ಜನವರಿಗೆ ನೀನು ನಾರಿಚ್‌ಗೆ ಹೋಗಿಬಿಟ್ಟೆ. ಈಜುಕೊಳವನ್ನು ಎರಡು ವರ್ಷದ ಮೇಲೆ ನಮ್ಮವರೇ ಕೈಯೆತ್ತಿ ಮುಚ್ಚಿದರು, ಕ್ಲಿಫರ್ಡ್ ಎಲ್ಲರಿಗಿಂತ ಮೊದಲು ಎತ್ತಿದ. ಮಾಡಿದ್ದುಣ್ಣೋ ಮಹಾರಾಯ ಎನ್ನುತ್ತಾರೆ. ನಾನು ಮಾಡಿದ್ದನ್ನು ಉಂಡವರು ಮಾತ್ರ ಬೇರೆಯವರು.

ಈ ಕಾಗದದ ಜೊತೆಯಲ್ಲೇ ಇನ್ನೆರಡು ಬರೆದು ಅಂಚೆಗೆ ಹಾಕುತ್ತಿದ್ದೇನೆ, ಎರಡೂ ಪಕ್ಷದ ಕಾರ್ಯದರ್ಶಿಗಳಿಗೆ. ಊರಿಗೆ ಗೊತ್ತಾಗಲಿ. ಎಪ್ಪತ್ತನಾಲ್ಕನೇ ವಯಸ್ಸಿನಲ್ಲಿ ನನ್ನನ್ನು ಪಕ್ಷದಿಂದ ಹೊರಗೆ ಹಾಕಿದರೆ ಹಾಕಲಿ. ಅದಕ್ಕಿಂತ ಹೆಚ್ಚಿನದಕ್ಕೆ ನಾನು ಅರ್ಹಳು.

ಇಷ್ಟು ವರ್ಷ ಏಕೆ ಸುಮ್ಮನಿದ್ದೆ ಎಂದು ಕೇಳುತ್ತೀಯ. ಕೇಳಬೇಕು. ಚುನಾವಣೆಯಾಗಿ ಮೂರು ವಾರಕ್ಕೆ ಒಂದು ಬುಧವಾರ ಮಧ್ಯಾಹ್ನ, ಅಂಗಡಿಗಳಿಗೆ ಅರ್ಧ ದಿನ ರಜೆಯಿದ್ದಾಗ, ಹಿಂದಿನ ಬಾಗಿಲಿಂದ ನಿಮ್ಮ ಅಂಗಡಿಯೊಳಗೆ ಹೋದೆ. ನಿಮ್ಮಪ್ಪ ಪೇಂಟಿನ ಬ್ರಷ್ಷುಗಳನ್ನು ಅಳತೆ ಪ್ರಕಾರ ಜೋಡಿಸುತ್ತಿದ್ದರು. “ವಿಲ್ಫ್, ಆ ಹಾಳೆ…” ಎಂದೆ. “ಗೊತ್ತು” ಎಂದರು. ತಲೆ ಎತ್ತಲಿಲ್ಲ. “ನಿನ್ನ ಬರಹ ಪಕ್ಕದಲ್ಲಿ ಕೂತು ಇಪ್ಪತ್ತೆರಡು ವರ್ಷ ನೋಡಿದೀನಿ. ಸಮಿತಿಯೋರು ನನ್ನ ಮುಂದೆ ಹಿಡಿದ ತಕ್ಷಣ ಗೊತ್ತಾಯ್ತು.” ನಾನು ಅಳುತ್ತಾ, ಇವತ್ತೇ ಹೋಗಿ ಎಲ್ಲರ ಮುಂದೆ ಹೇಳುತ್ತೇನೆ, ಮೊದಲು ಜುಡಿತ್‌ಗೆ ಹೇಳುತ್ತೇನೆ ಎಂದೆ.

ಅವರು ಕೈಯಲ್ಲಿದ್ದ ಬ್ರಷ್ ಕೆಳಗಿಟ್ಟರು. ಅವರಿಗೆ ನನ್ನ ಮೇಲೆ ಸಿಟ್ಟಿತ್ತು ಜುಡಿತ್, ಇರಲಿಲ್ಲ ಎಂದು ನಾನು ಹೇಳುವುದಿಲ್ಲ, ಕುತ್ತಿಗೆಯ ತನಕ ಕೆಂಪಾಗಿದ್ದರು. ಆಮೇಲೆ ಹೇಳಿದರು, “ಹೇಳ್ಬೇಡ. ಹೇಳಿದ್ರೆ ನಿಮ್ಮೋರು ನಿನ್ನ ಹೊರಗೆ ಹಾಕ್ತಾರೆ, ನಮ್ಮೋರು ಮುಖಕ್ಕೆ ಉಗೀತಾರೆ. ಆರ್ಥರ್ ಹೋದ್ಮೇಲೆ ನಿಂಗೆ ಆ ಪಾರ್ಟಿ ಬಿಟ್ರೆ ಯಾರಿದಾರೆ ಐವಿ? ನಂದು ಹಾಗಲ್ಲ. ನಂಗೆ ಮಗಳಿದಾಳೆ. ಇವತ್ತು ಸಿಟ್ಟಾಗಿದಾಳೆ. ಕ್ರಿಸ್‌ಮಸ್ ಹೊತ್ತಿಗೆ ಸರಿಹೋಗ್ತಾಳೆ.”

ನಾನು ಆ ಮಾತನ್ನು ಹಿಡಿದುಕೊಂಡು ಮನೆಗೆ ಬಂದೆ. ನನಗೆ ಅದು ಬೇಕಾಗಿತ್ತು.

ಆ ಕ್ರಿಸ್‌ಮಸ್‌ಗೆ ನೀನು ಅವರ ಜೊತೆ ಊಟಕ್ಕೆ ಕೂರಲಿಲ್ಲ. ಮುಂದಿನ ವರ್ಷ ನಾರಿಚ್‌ನಿಂದ ಬರಲೇ ಇಲ್ಲ. ಅದರ ಮುಂದಿನ ವರ್ಷವೂ ಇಲ್ಲ. ಪ್ರತಿ ಡಿಸೆಂಬರಿನಲ್ಲಿ ಅವರು ರಸ್ತೆಯಲ್ಲಿ ಸಿಕ್ಕಿ, ನಾನು ಕೇಳದಿದ್ದರೂ, “ಈ ಸಲ ಬರ್ತಾಳೆ ಐವಿ” ಎನ್ನುತ್ತಿದ್ದರು. “ಬರ್ತಾಳೆ ವಿಲ್ಫ್” ಎನ್ನುತ್ತಿದ್ದೆ. ಹದಿನಾರು ಸಲ ಅಂದಿದ್ದೇನೆ. ಕಳೆದ ಡಿಸೆಂಬರಿನಲ್ಲೂ ಅಂದೆ.

ನಿನ್ನ ಕೋಪ ಇವತ್ತಿನಿಂದ ಅವರನ್ನು ಬಿಟ್ಟು ನನ್ನ ಕಡೆ ತಿರುಗಲಿ. ಅವರ ಒಳ್ಳೆಯತನವೆಲ್ಲ ನಿನಗೆ ಆಸರೆಯಾಗಲಿ, ನೀನು ಚೆನ್ನಾಗಿ ಬಾಳು.

ಐವಿ ಹೋಲ್ರಾಯ್ಡ್